ದೂರದಿಂದ ಚಾಲೂ ಆಗುವ ಗಾಡಿ

ನಮ್ಮ ಮನೆಯ ಬಾಗಿಲ ಪಕ್ಕದ ಮೊಳೆಗೆ ಕೀಲಿಕೈಗಳ ಜೊತೆಗೆ ಒಂದು ಕರಿಯ ರಿಮೋಟ್ ತೂಗುಬಿದ್ದಿದೆ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಒಂದು ಗುಂಡಿಯ ಮೇಲೆ ಬೀಗದ ಚಿತ್ರ, ಒಂದರ ಮೇಲೆ ಗಂಟೆಯ ಚಿತ್ರ, ಮತ್ತೊಂದರ ಮೇಲೆ ಮಿಂಚಿನ ಚಿತ್ರ. ಈಗ ಅದರೊಳಗೆ ಸೆಲ್ ಇಲ್ಲ. ಅದು ಹೇಳಿದ್ದನ್ನು ಕೇಳುತ್ತಿದ್ದ ಯಂತ್ರವೂ ನಮ್ಮ ಕಾರಿನಲ್ಲಿಲ್ಲ. ಮನೆಗೆ ಬಂದವರು ಯಾರಾದರೂ ಅದನ್ನು ಮುಟ್ಟಿ, "ಇದು ಯಾತರದ್ರೀ ಸರ್?" ಎಂದು ಕೇಳಿದರೆ ನನ್ನ ಕಿವಿ ಬಿಸಿಯಾಗುತ್ತದೆ. ನನ್ನ ಹೆಂಡತಿ ಶೈಲಾ ಅಡುಗೆಮನೆಯಿಂದಲೇ, "ಹೇಳ್ರಿ, ಹೇಳ್ರಿ, ಕೇಳಾಕತ್ತಾರಲ್ಲ" ಎಂದು ದನಿ ಕೊಡುತ್ತಾಳೆ. ನಾನು ಮಳೆಯ ಮಾತು ತೆಗೆಯುತ್ತೇನೆ. ಬೆಳಗಾವಿಯಲ್ಲಿ ಮಳೆಯ ಮಾತು ತೆಗೆದರೆ ಅರ್ಧ ತಾಸು ಯಾರೂ ಬೇರೆ ಮಾತಿಗೆ ಬರುವುದಿಲ್ಲ.

ಇವತ್ತು ನಿಮ್ಮ ಮುಂದೆ ಹಾಗೆ ತಪ್ಪಿಸಿಕೊಳ್ಳುವುದಿಲ್ಲ. ನೀವು ನನ್ನ ಎದುರಿಗೆ ಕೂತಿಲ್ಲ, ನನ್ನ ಮುಖ ನಿಮಗೆ ಕಾಣುವುದಿಲ್ಲ. ಇರುವ ಧೈರ್ಯ ಅದೊಂದೇ.

ನಾನು ಇಲ್ಲಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಶಿವಬಸವ ನಗರದಲ್ಲಿ ಮನೆ. ನಮ್ಮ ಕಾರು ಹಳೆಯದು, ಬಿಳಿಯದು, ಬಾಗಿಲು ಹಾಕಿದರೆ ಡಬ್ಬಿ ಮುಚ್ಚಿದಂತೆ ಸದ್ದು ಮಾಡುವಂಥದು. ಅದರ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ, ನಮ್ಮ ಅರ್ಥಶಾಸ್ತ್ರದ ದೇಸಾಯಿ ಸರ್ ಹೊಸ ಕಾರು ತರುವವರೆಗೆ. ಕಾಲೇಜು ಬಿಡುವ ಹೊತ್ತಿಗೆ ದೇಸಾಯಿ ಸರ್ ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತು ಜೇಬಿನೊಳಗೇ ಏನನ್ನೋ ಒತ್ತುತ್ತಿದ್ದರು. ಅಲ್ಲೆಲ್ಲೋ ಬೇವಿನ ಗಿಡದ ಕೆಳಗೆ ನಿಂತ ಕಾರು ತಾನಾಗಿ ಚಾಲೂ ಆಗುತ್ತಿತ್ತು. "ಒಳಗ ಎಸಿ ಚಾಲೂ ಆತು. ನಾವು ಹೋಗೂದ್ರಾಗ ತಂಪಾಗಿರತೈತಿ" ಎಂದು ಅವರು ಯಾರಿಗೂ ಅಲ್ಲದಂತೆ ಹೇಳುತ್ತಿದ್ದರು. ನಾನು ಉತ್ತರ ಪತ್ರಿಕೆ ತಿದ್ದುವವನಂತೆ ತಲೆ ತಗ್ಗಿಸಿ ಕೂತಿರುತ್ತಿದ್ದೆ. ನಂತರ ಹೋಗಿ ನನ್ನ ಕಾರಿನ ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದಂತಾಗುತ್ತಿತ್ತು. ಸೀಟಿನ ಮೇಲೆ ಟವೆಲ್ ಹಾಸಿಕೊಂಡು ಕೂರುತ್ತಿದ್ದೆ.

ಗಾಡಿಯ ಮೇಲಿನ ಈ ಮೋಹ ನಮ್ಮ ಅಪ್ಪನಿಂದ ಬಂದದ್ದಿರಬೇಕು. ಅಪ್ಪ ಖಾನಾಪುರದಲ್ಲಿ ಹಂಚಿನ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿದ್ದರು. ಅವರ ಬಟ್ಟೆ, ಊಟದ ಡಬ್ಬಿ, ಕಿವಿಯ ಹಿಂಭಾಗ, ಎಲ್ಲವೂ ಸದಾ ಕೆಂಪು. ಆ ಕೆಂಪು ಧೂಳು ತಾಗದ ಒಂದೇ ವಸ್ತು ಅವರ ಸೈಕಲ್ಲು. ಮನೆಗೆ ಬಂದ ಕೂಡಲೇ ಸೈಕಲ್ಲಿನ ಕಾಲು ತೊಳೆಯುತ್ತಿದ್ದರು, ಆಮೇಲೆ ತಮ್ಮ ಕಾಲು. ಗಾಲಿಯ ಬೀಗ ಸಾಲದೆಂದು ಪಡಸಾಲೆಯ ಕಂಬಕ್ಕೆ ಸರಪಳಿ ಕಟ್ಟಿ, ಅದಕ್ಕೊಂದು ಬೇರೆ ಬೀಗ ಹಾಕುತ್ತಿದ್ದರು. ಇಷ್ಟಾದ ಮೇಲೆ ಸರಪಳಿಗೆ ಒಂದು ಎತ್ತಿನ ಗಂಟೆ. ಯಾರಾದರೂ ಮುಟ್ಟಿದರೆ ಗೊತ್ತಾಗಲಿ ಎಂದು. ಮುಟ್ಟುತ್ತಿದ್ದವರು ನಾನು ಮತ್ತು ನಮ್ಮಣ್ಣ ಮಾತ್ರ. ಅವ್ವ ಬಡಿಸುತ್ತಿರುವಾಗ ಗಂಟೆ ಠಣ್ ಎಂದರೆ ಅಪ್ಪ ತುತ್ತು ಕೈಯಲ್ಲೇ ಹಿಡಿದು, "ಯಾರಂವಾ?" ಎಂದು ಕೂಗುತ್ತಿದ್ದರು. ಬೆಕ್ಕು ಓಡಿಹೋಗುತ್ತಿತ್ತು. ಆ ಸೈಕಲ್ಲನ್ನು ಕದಿಯುವ ಮನಸ್ಸು ಖಾನಾಪುರದಲ್ಲಿ ಯಾರಿಗೂ ಬರಲಿಲ್ಲ. ಕೊನೆಗೆ ಅಪ್ಪನೇ ಅದನ್ನು ಒಬ್ಬರಿಗೆ ಪುಕ್ಕಟೆ ಕೊಟ್ಟರು. ಅವರೂ ಎರಡು ಸಲ ಯೋಚಿಸಿ ಒಯ್ದರು.

ಅಂಥವರ ಮಗನಾದ ನಾನು ಒಂದು ರವಿವಾರ ಆಟೋ ನಗರದ ರಿಯಾಜನ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ರಿಯಾಜ ಕಾರಿಗೆ ಟೇಪು, ಕ್ಯಾಮೆರಾ, ಬಣ್ಣಬಣ್ಣದ ದೀಪ ಹಾಕಿಕೊಡುವವನು. ಒಳ್ಳೆಯ ಮಾತುಗಾರ. ಅವನ ಮುಂದೆ ಐದು ನಿಮಿಷ ನಿಂತರೆ ನಿಮ್ಮ ಕಾರಿನಲ್ಲಿ ಏನೇನೂ ಇಲ್ಲವೆಂದು ನಿಮಗೇ ಅನಿಸತೊಡಗುತ್ತದೆ.

"ರಿಮೋಟ್ ಸ್ಟಾರ್ಟ್ ಬೇಕೇನ್ರಿ ಸರ್? ಅಲಾರಮ್ ಅದರ ಕೂಡನ ಬರ್ತದ. ಒಮ್ಮೆ ಹಾಕಿದೆ ಅಂದ್ರ ನಿಮ್ಮ ಗಾಡೀನ ಯಾರ ಮುಟ್ಟಿದ್ರೂ ಮೊಹಲ್ಲಾ ಎದ್ದು ಕುಂದರತದ."

"ಹಳೇ ಗಾಡಿಗಿ ಆಗತೈತೇನು?"

"ಆಗತದ. ಖರೇ ಒಂದ ಮಾತು. ನಿಮ್ಮದು ಕೈಲೆ ಗೇರ್ ಹಾಕೂ ಗಾಡಿ. ಕ್ಲಚ್ ತುಳೀದಿದ್ರೂ ಚಾಲೂ ಆಗೂವಂಥಾದ್ದು. ಅದಕ್ಕ ಗೇರ್‌ನಾಗ ನಿಲ್ಲಿಸಿ ಬಟನ್ ಒತ್ತಬಾರದು. ನ್ಯೂಟ್ರಲ್‌ನಾಗ ಇಟ್ಟು, ಹ್ಯಾಂಡ್‌ಬ್ರೇಕ್ ಎಳದು, ಆಮ್ಯಾಲ ಒತ್ತಬೇಕು. ಇಲ್ಲಂದ್ರ ಗಾಡಿ ಜಿಗೀತದ."

"ಅಷ್ಟು ತಿಳೀತೈತಿ ಬಿಡಪಾ" ಎಂದೆ. ಈ ಮಾತನ್ನು ಯಾವ ದನಿಯಲ್ಲಿ ಹೇಳಿದೆನೆಂಬುದು ನನಗೆ ಈಗಲೂ ನೆನಪಿದೆ.

ರಿಯಾಜ ಸ್ಟೀರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿದ. ಒಳಗಿಂದ ವಾಯರುಗಳು ಕರುಳಿನಂತೆ ಜೋತುಬಿದ್ದವು. ಅವನು ಸೀಟಿನ ಮೇಲೆ ಬೆನ್ನು ಹಾಕಿ, ಕಾಲು ಹೊರಗೆ ಚಾಚಿ, ತಲೆ ಪೆಡಲುಗಳ ಹತ್ತಿರ ತೂರಿಸಿ ಕೆಲಸ ಮಾಡಿದ. ನಾನು ಹೊರಗೆ ಸ್ಟೂಲಿನ ಮೇಲೆ ಕೂತು ಅವನು ತರಿಸಿಕೊಟ್ಟ ಚಹಾ ಕುಡಿಯುತ್ತ, ದೇಸಾಯಿ ಸರ್ ಮುಂದೆ ಮೊದಲ ಸಲ ಗುಂಡಿ ಒತ್ತುವಾಗ ಯಾವ ಕಡೆ ನೋಡುತ್ತಿರಬೇಕು ಎಂದು ಯೋಚಿಸುತ್ತಿದ್ದೆ. ಸಂಜೆಗೆ ಕೆಲಸ ಮುಗಿಯಿತು. ರಿಯಾಜ ರಸ್ತೆಯ ಆಚೆ ಬದಿಗೆ ನನ್ನನ್ನು ನಿಲ್ಲಿಸಿ, "ಒತ್ತರಿ" ಎಂದ. ಒತ್ತಿದೆ. ನನ್ನ ಹಳೆಯ ಕಾರು ದೂರದಲ್ಲಿ, ಒಳಗೆ ಯಾರೂ ಇಲ್ಲದೆ, ಕೆಮ್ಮಿ ಚಾಲೂ ಆಯಿತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಶಿವಬಸವ ನಗರದ ನಮ್ಮ ಓಣಿಯವರಿಗೆ ನಿಜವಾಗಿ ಕಣ್ಣೀರು ಬಂತು. ಅಲಾರಮ್ಮಿಗೆ ಕಳ್ಳರನ್ನು ಬಿಟ್ಟು ಉಳಿದೆಲ್ಲರ ಸುಳಿವೂ ಸಿಗುತ್ತಿತ್ತು. ಕಸದ ಗಾಡಿ ಬಂದರೆ ಕೂಗುತ್ತಿತ್ತು, ಗುಡುಗಿದರೆ ಕೂಗುತ್ತಿತ್ತು, ಬೆಕ್ಕು ಬಾನೆಟ್ಟಿನ ಮೇಲೆ ಬೆಚ್ಚಗೆ ಮಲಗಿದರೆ ಕೂಗುತ್ತಿತ್ತು. ಕೂಗಿನಲ್ಲೂ ಒಂದೇ ರಾಗವಿಲ್ಲ. ಮೊದಲು ಪೊಲೀಸು, ನಂತರ ಆಂಬುಲೆನ್ಸು, ಆಮೇಲೆ ಕಪ್ಪೆಯ ಗಂಟಲು ಹಿಡಿದಂಥ ಒಂದು ಸದ್ದು. ಎದುರು ಮನೆಯ ನಿವೃತ್ತ ಶಿಕ್ಷಕಿ ನೀಲವ್ವ ಟೀಚರು ಮಧ್ಯಾಹ್ನದ ನಿದ್ದೆ ಕೆಟ್ಟು ಗೇಟಿನ ತನಕ ಬಂದು, "ಸರ, ನಿಮ್ಮ ಗಾಡಿಗಿ ಹಸಿವಿ ಆಗೇತೇನ ನೋಡ್ರಿ. ಏನರ ತಿನ್ನಾಕ ಹಾಕ್ರಿ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಆದರೆ ಇದೆಲ್ಲ ಓಣಿಯೊಳಗಿನ ನಾಚಿಕೆ. ಬಾಗಿಲು ಹಾಕಿಕೊಂಡರೆ ಮುಗಿಯುತ್ತಿತ್ತು. ನಿಜವಾದದ್ದು ಖಾನಾಪುರದಲ್ಲಿ ಆಯಿತು.

ನಮ್ಮಣ್ಣ ಈಗಲೂ ಖಾನಾಪುರದಲ್ಲೇ ಇದ್ದಾನೆ. ಅವನ ಮಗಳು ವಿದ್ಯಾಳಿಗೆ ಹತ್ತಿರದ ಗುಂಜಿ ಊರಿನ ಹುಡುಗನೊಬ್ಬ ಗೊತ್ತಾಗಿದ್ದ. ಮಹೇಶ ಅಂತ ಹೆಸರು, ಮೆಲುಮಾತಿನ ಹುಡುಗ, ರೈಲ್ವೆಯಲ್ಲಿ ನೌಕರಿ. ನಮ್ಮವರೇ, ಬಸವಣ್ಣನ ಮಾತು ಹಿಡಿದು ನಡೆಯುವ ಮನೆತನ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಸಾಖರಪುಡಾ, ಅಂದರೆ ನಿಶ್ಚಯದ ಕಾರ್ಯ, ಅಣ್ಣನ ಮನೆಯಲ್ಲೇ ಎಂದಾಯಿತು. ಗಂಡಿನವರು ಬೆಳಿಗ್ಗೆಯೇ ಬರುವುದು, ಊಟ ಮಾಡುವುದು, ಇಳಿಹೊತ್ತಿಗೆ ಸಕ್ಕರೆ ಹಂಚಿ ಮಾತು ಗಟ್ಟಿಮಾಡುವುದು.

ಅಣ್ಣನ ಮನೆ ಇರುವುದು ಏರಿನ ಓಣಿಯಲ್ಲಿ. ಮನೆಯ ಬಾಜೂಕ ಒಂದು ಕಿರಿದಾದ ಜಾಗ, ಅದರ ತುದಿಗೆ ಕಲ್ಲಿನ ಕಟ್ಟೆ. ಕಾರನ್ನು ಅಲ್ಲಿ ಏರಿನ ಕಡೆ ಮುಖ ಮಾಡಿ ನಿಲ್ಲಿಸಿದೆ. ನಮ್ಮ ಹ್ಯಾಂಡ್‌ಬ್ರೇಕ್ ಮೊದಲಿನಿಂದಲೂ ಸಡಿಲು. ಆದ್ದರಿಂದ ಏರಿನಲ್ಲಿ ನಿಲ್ಲಿಸಿದಾಗ ಫಸ್ಟ್ ಗೇರಿಗೆ ಹಾಕಿ ಇಳಿಯುವುದು ನನ್ನ ಎಷ್ಟೋ ವರ್ಷದ ರೂಢಿ. ಅವತ್ತೂ ಕೈ ತಾನಾಗಿ ಹಾಗೆ ಮಾಡಿತು.

ಬೆಳಗಿನಿಂದಲೇ ಕಾರು ತನ್ನ ಗುಣ ತೋರಿಸಿತ್ತು. ಮಕ್ಕಳು ಚೆಂಡು ತಾಗಿಸಿದಾಗ ಒಮ್ಮೆ, ಪಾತ್ರೆಯ ಟೆಂಪೊ ಹಾದುಹೋದಾಗ ಒಮ್ಮೆ ಕೂಗಿತು. ಮೊದಲ ಸಲ ಗಂಡಿನವರೆಲ್ಲ ಗಾಬರಿಯಾಗಿ ಹೊರಗೆ ಬಂದರು. ಎರಡನೆಯ ಸಲ ಯಾರೋ, "ಕಾಕಾರ ಗಾಡಿ ಅದು, ಬಿಡ್ರಿ" ಎಂದರು. ಎಲ್ಲರೂ ಕೂತಲ್ಲೇ ನಕ್ಕರು. ಶೈಲಾ ನನ್ನತ್ತ ಒಂದು ಸಲ ನೋಡಿ ಮುಖ ಆಚೆ ತಿರುಗಿಸಿದಳು.

ಗಂಡಿನವರ ಜೊತೆ ಮಹೇಶನ ಅಜ್ಜಿ ಬಂದಿದ್ದರು. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಒಣಗಿದ ಮೈ, ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಯಾರು ಮಾತಾಡಿದರೂ ಆ ಕಡೆಗೆ ತಟ್ಟನೆ ತಿರುಗುವ ಕಣ್ಣು. ಅವರನ್ನು ಒಂದು ಗಳಿಗೆಯೂ ಬಿಡದೆ ಕಾಯುತ್ತಿದ್ದವರು ಅವರ ಮಗಳು, ಅಂದರೆ ಮಹೇಶನ ಸೋದರತ್ತೆ. ಊಟ ಮುಗಿದ ಮೇಲೆ ಆಯಿಯನ್ನೂ ಮಹೇಶನ ತಂದೆತಾಯಿಯನ್ನೂ ಹೊಳೆಯ ದಂಡೆಯ ಗುಡಿಗೆ ಕರೆದೊಯ್ದು ತರುವ ಕೆಲಸ ನನ್ನದು ಎಂದು ಅಣ್ಣ ಹೇಳಿದ.

ನಾನು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತು. ಅವರೆಲ್ಲ ಕಾರಿನ ಬಾಗಿಲು ತೆಗೆದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ, ಬೀಗರು ಬೆರಗಾಗಿ, "ಅರೇ, ಇದೇನ್ರೀ ಮಾಸ್ತರ?" ಎನ್ನುತ್ತಾರೆ, ನಾನು ಏನೂ ಅಲ್ಲವೆಂಬಂತೆ, "ಮೊದಲ ಚಾಲೂ ಮಾಡಿಟ್ಟಿದ್ನಿರಿ" ಎನ್ನುತ್ತೇನೆ. ಇಷ್ಟು ದೃಶ್ಯ ಮನಸ್ಸಿನಲ್ಲಿ ಓಡಿತು. ಒದ್ದೆ ಕೈಯಿಂದಲೇ ಜೇಬಿನೊಳಗಿನ ಮಿಂಚಿನ ಗುಂಡಿ ಒತ್ತಿದೆ.

ಮನೆಯ ಆಚೆ ಬದಿಯಿಂದ ಒಂದು ದಡ್ ಎಂಬ ಸದ್ದು. ಕೂಡಲೇ ಅಲಾರಮ್ಮು. ಪಡಸಾಲೆಯಲ್ಲಿ ನಗುವಿನ ಅಲೆ ಎದ್ದದ್ದು ಕೇಳಿಸಿತು. "ಮತ್ತ ಚಾಲೂ ಆತು ನೋಡ್ರಿ ಕಾಕಾರದು!" ಯಾರೂ ಹೊರಗೆ ಬರಲಿಲ್ಲ. ಗೇರಿನ ನೆನಪು ಆಗ ಬಂತು. ಓಡಿದೆ.

ಕಾರು ಮುಂದಕ್ಕೆ ಜಿಗಿದು ಕಲ್ಲಿನ ಕಟ್ಟೆಗೆ ಮೂಗು ಒತ್ತಿ ಬಂದ್ ಆಗಿತ್ತು. ಅದರ ಮುಂದಿನ ಗಾಲಿಯ ಪಕ್ಕದಲ್ಲಿ, ನೆಲದ ಮೇಲೆ, ಆಯಿ ಕೂತಿದ್ದರು. ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದುಕೊಂಡಿದ್ದರು. ಬಾಯಿ ತೆರೆದ ಒಂದು ಪುಟ್ಟ ಡಬ್ಬಿ ಬಿದ್ದಿತ್ತು. ಇಳಕಲ್ ಸೀರೆಯ ಮೇಲೆಲ್ಲ ಕಂದು ಪುಡಿ.

"ಆಯಿ, ಏನಾತ್ರಿ? ಎಲ್ಲಿ ಪೆಟ್ಟಾತ್ರಿ?"

"ಮೊದಲ ಅದರ ಬಾಯಿ ಮುಚ್ಚಸು" ಎಂದರು.

ಅಲಾರಮ್ಮು ನಿಲ್ಲಿಸಿದೆ. ಆಯಿ ಕಾರಿನ ಗಾಜಿನೊಳಗೆ ಕತ್ತೆತ್ತಿ ನೋಡಿದರು.

"ತಮ್ಮಾ, ಒಳಗ ಯಾರ ಅದಾರ?"

"ಯಾರೂ ಇಲ್ರಿ."

"ಮತ್ತ ಹ್ಯಾಂಗ ಜಿಗೀತು?"

"ನಾನ ಒತ್ತಿದ್ನಿರಿ ಆಯಿ. ಹಿತ್ತಲದಾಗಿಂದ. ಇದರಲೆ." ರಿಮೋಟ್ ತೋರಿಸಿದೆ.

"ಅಲ್ಲಿಂದ ಒತ್ತಿದ್ರ ಇಲ್ಲಿ ಗಾಡಿ ಜಿಗೀತೈತಿ?"

"ಹೌದ್ರಿ."

"ಯಾಕ?"

ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಹುಡುಗರು ಎಂಥೆಂಥ ಪ್ರಶ್ನೆ ಕೇಳಿದರೂ ಏನಾದರೊಂದು ಹೇಳಿ ಪಾರಾಗಿದ್ದೇನೆ. ಆಯಿಯ ಆ ಒಂದು 'ಯಾಕ'ದ ಮುಂದೆ ಒಂದು ಶಬ್ದವೂ ಬರಲಿಲ್ಲ. ಅವರು ಅಲಾರಮ್ಮು ಕೂಗದಷ್ಟು ಮೆಲ್ಲಗೆ ಬಾನೆಟ್ಟಿನ ಮೂಲೆಗೆ ಕೈ ಊರಿ ನಿಂತಿದ್ದರಂತೆ. ಕಾರು ಸರಿದದ್ದರಿಂದ ಆಯ ತಪ್ಪಿ ಪಕ್ಕಕ್ಕೆ ಬಿದ್ದರು. ಒಂದು ಹೆಜ್ಜೆ ಒಳಗೆ, ಕಟ್ಟೆಯ ಹತ್ತಿರ ನಿಂತಿದ್ದರೆ? ಆ ಒಂದು ಹೆಜ್ಜೆ ಈಗಲೂ ನನ್ನನ್ನು ತರಗತಿಯ ನಡುವೆ ಒಮ್ಮೊಮ್ಮೆ ನಿಲ್ಲಿಸಿಬಿಡುತ್ತದೆ.

ನಾನು ಯಾರನ್ನಾದರೂ ಕೂಗಲು ಬಾಯಿ ತೆರೆದೆ. ಆಯಿ ನನ್ನ ಅಂಗಿಯ ತುದಿ ಹಿಡಿದೆಳೆದರು.

"ತಡಿ. ಮೊದಲ ಈ ಡಬ್ಬಿ ಎತ್ತಿ ಕಿಸೇದಾಗ ಇಟ್ಟುಕೋ. ಸೀರಿ ಮ್ಯಾಲಿನ ತಪಕೀರ ಝಾಡಸು."

ತಪಕೀರು. ಮೂಗಿಗೆ ಏರಿಸುವ, ಹಲ್ಲಿಗೆ ತಿಕ್ಕಿಕೊಳ್ಳುವ ತಂಬಾಕಿನ ಪುಡಿ.

"ಡಾಕ್ಟರು ಬಿಡು ಅಂದಾರ. ಮಗಳ ಮುಂದ ಆಣಿ ಮಾಡೇನಿ, ಬಿಟ್ಟೇನಿ ಅಂತ. ಆಕಿ ಕಣ್ಣ ತಪ್ಪಿಸಿ ಇಲ್ಲಿ ಬಂದಿದ್ದೆ" ಎಂದರು. ನೋವಿಗೆ ಹಲ್ಲು ಕಚ್ಚಿ, ಮತ್ತೆ ದನಿ ತಗ್ಗಿಸಿದರು. "ನೋಡು ತಮ್ಮಾ. ಬೀಗರ ಮನಿ, ಶುಭ ಕಾರ್ಯ. ನಾ ಕಾಲ ಜಾರಿ ಬಿದ್ದೆ ಅಂತೇನಿ. ನೀ ಡಬ್ಬಿ ಸುದ್ದಿ ಎತ್ತಬ್ಯಾಡ, ನಾ ನಿನ್ನ ಗಾಡಿ ಸುದ್ದಿ ಎತ್ತಾಂಗಿಲ್ಲ. ಆತಿಲ್ಲೋ?"

"ಬ್ಯಾಡ್ರಿ ಆಯಿ, ತಪ್ಪು ನನ್ನದು, ನಾನ ಹೇಳ್ತೀನಿ" ಎಂದು ಹೇಳಬೇಕಾಗಿತ್ತು. ನಾನು ಅಂದದ್ದು, "ಆತ್ರಿ." ಅಷ್ಟು ಬೇಗ ಅಂದೆ ಎಂದರೆ, ಆಯಿಗೇ ಸ್ವಲ್ಪ ಸೋಜಿಗವಾದಂತೆ ಕಂಡಿತು.

ಮುಂದಿನದು ಗದ್ದಲ. ಎಲ್ಲರೂ ಬಂದರು, ನೀರು ತಂದರು, ಎತ್ತಿದರು. ಅದೇ ಕಾರನ್ನು ಹಿಂದೆ ತೆಗೆದು ಆಯಿಯನ್ನೂ ಸೋದರತ್ತೆಯನ್ನೂ ಕೂರಿಸಿಕೊಂಡು ದವಾಖಾನೆಗೆ ಹೋದೆ. ಬಂಪರು ಒಳಗೆ ಸರಿದದ್ದನ್ನು ಯಾರೂ ಗಮನಿಸಲಿಲ್ಲ. ಡಾಕ್ಟರು ಎಕ್ಸ್‌ರೇ ತೆಗೆಸಿ, ಎಲುಬು ಸಣ್ಣಗೆ ಬಿರಿದಿದೆ ಎಂದು ಪ್ಲಾಸ್ಟರ್ ಹಾಕಿದರು. "ಹ್ಯಾಂಗ ಬಿದ್ರಿ ಅಜ್ಜಿ?" ಎಂದು ಕೇಳಿದರು. "ವಯಸ್ಸಾತಲ್ರಿ, ಕಾಲ ಹಿಡೀಲಿಲ್ಲ" ಎಂದು ಆಯಿ ನನ್ನತ್ತ ನೋಡದೇ ಹೇಳಿದರು. ನಾನು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡುತ್ತ ನಿಂತೆ. ನನ್ನ ಜೇಬಿನಲ್ಲಿ ಒಂದು ಕಡೆ ರಿಮೋಟ್, ಒಂದು ಕಡೆ ತಪಕೀರಿನ ಡಬ್ಬಿ. ಎರಡೂ ತೊಡೆಗೆ ಒತ್ತುತ್ತಿದ್ದವು.

ನಾವು ಮರಳಿದಾಗ ಮನೆಯ ಗಾಳಿಯೇ ಬೇರೆಯಾಗಿತ್ತು. ಸಕ್ಕರೆಯ ತಾಟು, ಹೂವು, ಸೀರೆ ಎಲ್ಲ ಜೋಡಿಸಿಟ್ಟಿದ್ದವು. ಅವುಗಳ ಹತ್ತಿರ ಯಾರೂ ಇರಲಿಲ್ಲ. ಸೋದರತ್ತೆ ಆಯಿಯನ್ನು ಕುರ್ಚಿಯಲ್ಲಿ ಕೂರಿಸಿ, ತಾವು ನೆಲದ ಮೇಲೆ ಕೂತು, ಮಹೇಶನ ತಂದೆಗೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು:

"ಅಣ್ಣಾ, ನನ್ನ ಮನಸ್ಸಿಗಿ ಸಮಾಧಾನ ಇಲ್ಲ ನೋಡು. ಹೆಣ್ಣಿನ ಮನಿ ಹೊಸ್ತಲಾ ದಾಟಿದ ದಿನಾನ ಅವ್ವನ ಕೈ ಮುರೀತು. ಮನಿಯೊಳಗ ಅಡ್ಡಾಡಿದ ಜೀವ, ಇವತ್ತಿನ ತನಕ ಎಂದೂ ಬಿದ್ದಾಕಿ ಅಲ್ಲ. ಹುಡಿಗಿ ಕಾಲಗುಣಾ ಹ್ಯಾಂಗೈತೋ ಏನೋ. ಎರಡ ತಿಂಗಳ ತಡದು ನೋಡೂಣು."

ಅಣ್ಣ ಎದ್ದುನಿಂತ. "ಅಕ್ಕಾರ, ನಾವು ಬಸವಣ್ಣನವರ ಹಾದ್ಯಾಗಿನ ಮಂದಿ. ಶಕುನಾ, ಕಾಲಗುಣಾ ಇದೆಲ್ಲ ನಾವು ಹಿಡಿಯೂದು ಚೊಲೋ ಅಲ್ರಿ" ಎಂದ.

"ಹೇಳೂದು ಸುಲಭ ಐತ್ರಿ. ಮುರದದ್ದು ನಮ್ಮವ್ವನ ಕೈ" ಎಂದರು ಅವರು.

ಮಹೇಶನ ತಂದೆ ಮೀಸೆಯ ಮೇಲೆ ಕೈಯಾಡಿಸಿದರು. ಮಹೇಶ "ಅತ್ಯಾ..." ಎಂದು ಬಾಯಿ ತೆಗೆದು, ತಂದೆಯ ಮುಖ ನೋಡಿ ಸುಮ್ಮನಾದ.

ಇದೇ ವಿಷಯದ ಮೇಲೆ ನಾನು ಎಷ್ಟು ಭಾಷಣ ಮಾಡಿದ್ದೇನೆಂದು ನಿಮಗೆ ಹೇಳಬೇಕು. ಶರಣರು ಶಕುನವನ್ನು ಹೇಗೆ ನಿರಾಕರಿಸಿದರು ಎಂದು ಬೈಲಹೊಂಗಲದಿಂದ ಹಿಡಿದು ನಿಪ್ಪಾಣಿಯವರೆಗೆ ಮೈಕಿನ ಮುಂದೆ ನಿಂತು ಹೇಳಿ ಹಾರ ಹಾಕಿಸಿಕೊಂಡು ಬಂದವನು ನಾನು. ಈಗ ಕಣ್ಣೆದುರಿಗೆ ಒಂದು ಶಕುನ ಹುಟ್ಟಿತ್ತು. ಅದನ್ನು ಹುಟ್ಟಿಸಿದ ಗುಂಡಿ ನನ್ನ ಜೇಬಿನಲ್ಲಿತ್ತು. ಆದರೂ ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ನೆಲದ ಫರಸಿಯ ಗೆರೆಗಳನ್ನು ನೋಡುತ್ತಿದ್ದೆ. ಯಾರಾದರೂ ಏನಾದರೂ ಹೇಳುತ್ತಾರೆ, ಮಾತು ತಾನಾಗಿ ತಿಳಿಯಾಗುತ್ತದೆ, ಆಯಿಯೇ ಏನಾದರೂ ಮಾಡುತ್ತಾರೆ ಎಂದು ಕಾಯುತ್ತಿದ್ದೆ. ಆಯಿ ಕಣ್ಣುಮುಚ್ಚಿ ಕೂತಿದ್ದರು. ನೋವಿಗೋ ನನ್ನನ್ನು ನೋಡಬಾರದೆಂದೋ ತಿಳಿಯಲಿಲ್ಲ.

ಆಗ ಒಳಗಿನ ಕೋಣೆಯ ಬಾಗಿಲಲ್ಲಿ ವಿದ್ಯಾ ಬಂದು ನಿಂತಳು. ಹಸಿರು ಸೀರೆ ಉಟ್ಟಿದ್ದಳು. ಅಳುತ್ತಿರಲಿಲ್ಲ. ಆಯಿಯ ಬಳಿ ಹೋಗಿ ಕಾಲ ಹತ್ತಿರ ಕೂತು, "ಆಯಿ, ನೋಯಾಕತ್ತೇತೇನ್ರಿ? ದಿಂಬು ಕೊಡ್ಲೇನು ಕೈ ಇಡಾಕ?" ಎಂದು ಕೇಳಿದಳು. ಆಮೇಲೆ ಸೋದರತ್ತೆಯ ಕಡೆ ತಿರುಗಿ, "ಅತ್ತೀಯಾರ, ನಾ ಬೆಳಗಿನಿಂದ ಆ ಕಡೆ ಹೋಗೇ ಇಲ್ರಿ. ಆದ್ರೂ ನನ್ನಿಂದ ಆಗಿದ್ರ ತಪ್ಪಾತು ಅನ್ರಿ" ಎಂದಳು.

ನನ್ನ ಅಣ್ಣನ ಮಗಳು, ನಾನು ಅಕ್ಷರ ತಿದ್ದಿಸಿದ ಹುಡುಗಿ, ನಾನು ಒತ್ತಿದ ಗುಂಡಿಗೆ ಕ್ಷಮೆ ಕೇಳುತ್ತಿದ್ದಳು.

ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. "ಆಕಿಯಿಂದ ಅಲ್ರಿ. ನನ್ನಿಂದ ಆಗಿದ್ದು" ಎಂದೆ. ದನಿ ಮೈಕಿನ ಮುಂದಿನದಾಗಿರಲಿಲ್ಲ. ಹಿಂದೆ ಕೂತವರಿಗೆ ಕೇಳಲಿಲ್ಲವೆಂದು ಮತ್ತೊಮ್ಮೆ ಹೇಳಬೇಕಾಯಿತು. "ಆಯಿ ಕಾಲ ಜಾರಿ ಬಿದ್ದಿಲ್ಲ. ನಾ ಗಾಡಿ ಗೇರಿನ್ಯಾಗ ನಿಲ್ಲಿಸಿ, ಹಿತ್ತಲದಾಗ ನಿಂತು ರಿಮೋಟ್ ಒತ್ತಿದೆ. ಗಾಡಿ ಜಿಗೀತು. ಆಯಿ ಅದನ್ನ ಹಿಡಕೊಂಡು ನಿಂತಿದ್ರು, ಬಿದ್ರು. ಬಂಪರ್ ನೋಡ್ರಿ ಬೇಕಾದ್ರ."

ಅಣ್ಣ ನನ್ನನ್ನು ನೋಡಿದ ರೀತಿಯನ್ನು ಬರೆಯಲಾರೆ. ಅಣ್ಣನ ಹೆಂಡತಿ, ನಮ್ಮ ವೈನಿ, ಸೆರಗು ಬಾಯಿಗೆ ಒತ್ತಿಕೊಂಡರು. ಶೈಲಾ ಬಿದ್ದ ಕುರ್ಚಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು.

ಸೋದರತ್ತೆ ಎದ್ದು ನನ್ನೆದುರಿಗೆ ಬಂದರು. "ದವಾಖಾನಿಗೆ ನನ್ನ ಬಾಜೂಕ ಬಂದ್ರಿ. ಡಾಕ್ಟರು ಕೇಳಿದಾಗ ಅಲ್ಲೇ ನಿಂತಿದ್ರಿ. ಈಗ ಈ ಹುಡಿಗಿ ಬಗ್ಗೆ ನಾ ಇಷ್ಟೆಲ್ಲ ಅಂದೆ. ಇಷ್ಟೊತ್ತನಕ ಯಾಕ ಸುಮ್ಮನ ಕುಂತಿದ್ರಿ ಮಾಸ್ತರ?"

ಆಯಿಯ ಡಬ್ಬಿಯ ಮಾತು ಹೇಳಿದ್ದರೆ ಅರ್ಧ ಉತ್ತರವಾದರೂ ಆಗುತ್ತಿತ್ತು. ಅದೊಂದನ್ನು ನುಂಗಿಕೊಂಡೆ. ಅಂದು ನಾನು ಮಾಡಿದ ಒಳ್ಳೆಯ ಕೆಲಸ ಅಷ್ಟೇ.

"ಮತ್ತ ಅವ್ವ ಆ ಬಿಸಲಾಗ ಗಾಡಿ ಹಂತೇಕ ಏನ ಮಾಡಾಕತ್ತಿದ್ಲು?" ಎಂದು ಮಹೇಶನ ತಂದೆ ಮೊದಲ ಸಲ ಬಾಯಿ ತೆರೆದರು.

ಆಗ ಕುರ್ಚಿಯಿಂದ ಆಯಿಯ ದನಿ ಬಂತು. ಕಣ್ಣು ಇನ್ನೂ ಮುಚ್ಚೇ ಇತ್ತು.

"ತಪಕೀರ ತಿಕ್ಕಾಕ ಹೋಗಿದ್ದೆ. ಡಬ್ಬಿ ಮಾಸ್ತರನ ಕಿಸೇದಾಗ ಐತಿ. ತಗೋರಿ."

ಡಬ್ಬಿಯನ್ನು ತೆಗೆದು ಸೋದರತ್ತೆಯ ಅಂಗೈಯಲ್ಲಿಟ್ಟೆ. ಅವರು ಅದನ್ನು ನೋಡಿದರು, ತಾಯಿಯನ್ನು ನೋಡಿದರು, ಮತ್ತೆ ಅದನ್ನು ನೋಡಿದರು. "ಅವ್ವಾ! ಆಣಿ ಮಾಡಿದ್ದಿಯಲ್ಲಾ!"

"ಮಾಡಿದ್ದೆ" ಎಂದರು ಆಯಿ. "ಅದಕ್ಕ ಬಿದ್ದೆ ಅಂತ ತಿಳಿ. ಹುಡಿಗಿ ಕಾಲಗುಣಕ್ಕ ಯಾಕ ಹಚ್ಚತೀ? ಎದ್ದು ಸಕ್ಕರಿ ಹಂಚರಿ, ಕೈ ನೋಯಾಕತ್ತೇತಿ, ಮನಿಗಿ ಹೋಗೂಣು."

ಮಹೇಶ ಮೊದಲು ನಕ್ಕ. ಅವನ ಹಿಂದೆ ಒಬ್ಬೊಬ್ಬರಾಗಿ ನಕ್ಕರು. ಸೋದರತ್ತೆ ನಗಲಿಲ್ಲ. ಆದರೆ ವಿದ್ಯಾಳ ಹತ್ತಿರ ಹೋಗಿ, ಅವಳ ತಲೆಯ ಮೇಲೆ ಕೈಯಿಟ್ಟು, "ಬಾಯಿ ತಪ್ಪಿ ಅಂದೆ ತಂಗಿ" ಎಂದರು. ಸಕ್ಕರೆ ಹಂಚಿದ್ದಾಯಿತು. ನನ್ನ ಅಂಗೈಗೂ ಒಂದು ಚಿಟಿಕೆ ಬಂತು. ಬಾಯಿಗೆ ಹಾಕಿಕೊಂಡೆ.

ಬೆಳಗಾವಿಗೆ ಮರಳುವಾಗ, ಊರು ಹತ್ತಿರ ಬಂದ ಮೇಲೆ ಶೈಲಾ, "ಇಂಥಾದ್ದರಾಗೂ ಎಸಿ ಹಚ್ಚೀರಲ್ಲ" ಎಂದಳು. ಆರಿಸಿ ಗಾಜು ಇಳಿಸಿದೆ.

ಮರುದಿನವೇ ಆಟೋ ನಗರಕ್ಕೆ ಹೋದೆ. ರಿಯಾಜ, "ಸ್ಟಾರ್ಟ್ ತಗೀತೀನಿ, ಅಲಾರಮ್ ಇರಲಿ ಬಿಡ್ರಿ ಸರ್" ಎಂದ. "ಏನೂ ಬ್ಯಾಡ" ಎಂದೆ. ಯಾಕೆಂದು ಅವನು ಕೇಳಿದಾಗ ಹೇಳಿದೆ. ಪೂರ್ತಿ ಹೇಳಿದೆ. ರಿಯಾಜ ನಗುತ್ತಾನೆ ಎಂದುಕೊಂಡಿದ್ದೆ. ಅವನು ಕಿವಿ ಮುಟ್ಟಿಕೊಂಡು, "ಯಾ ಅಲ್ಲಾ, ಬಡೀ ಅಮ್ಮಾ ಆರಾಮ ಅದಾರಲ್ರಿ?" ಎಂದು ಮಾತ್ರ ಕೇಳಿ, ಸ್ಟೀರಿಂಗಿನ ಕೆಳಗೆ ತಲೆ ತೂರಿಸಿದ.

ಪ್ಲಾಸ್ಟರ್ ತೆಗೆಸುವ ದಿನ ಆಯಿಯನ್ನು ಗುಂಜಿಯಿಂದ ಖಾನಾಪುರಕ್ಕೆ ಕರೆದೊಯ್ದು ಮರಳಿ ಬಿಡುವುದು ನನ್ನ ಕೆಲಸವೆಂದು ನಾನೇ ಹೇಳಿಕೊಂಡಿದ್ದೆ. ಕೈ ಕೂಡಿತ್ತು. ವಾಪಸು ಬರುವಾಗ ಆಯಿ ಮುಂದಿನ ಸೀಟಿನಲ್ಲಿ ಕೂತು ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದರು. ಗುಂಜಿ ಬಂದಾಗ ಅವರ ಮನೆಯ ಅಂಗಳದಲ್ಲಿ ಐದಾರು ಹೆಂಗಸರು ಕೂಡಿದ್ದರು. ಹಿಂದೆ ಕಾಡು, ಮುಂದೆ ಸಗಣಿ ಸಾರಿಸಿದ ಅಂಗಳ. ಎಲ್ಲರೂ ಆಯಿಯ ಕೈ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇವರು ಯಾರ ಆಯಿ?" ಎಂದು ಒಬ್ಬಾಕೆ ಕೇಳಿದಳು.

ಬೀಗರು ಎನ್ನುತ್ತಾರೆ, ಬೆಳಗಾವಿಯ ಮಾಸ್ತರು ಎನ್ನುತ್ತಾರೆ ಎಂದು ಕೈ ಜೋಡಿಸಿ ನಿಂತೆ.

"ನನ್ನ ಮ್ಯಾಲ ಗಾಡಿ ಹಾಯಿಸಿದಾಂವ" ಎಂದರು ಆಯಿ, ಹೊರಸಿನ ಮೇಲೆ ಕೂರುತ್ತ. ಹೆಂಗಸರೆಲ್ಲ ನನ್ನನ್ನು ತಲೆಯಿಂದ ಕಾಲಿನವರೆಗೆ ಇನ್ನೊಮ್ಮೆ ನೋಡಿದರು. ಆಯಿ ನನಗೆ ಬಾಜೂಕ ಜಾಗ ತೋರಿಸಿದರು. "ಕುಂದರು. ಹಾಯಿಸಿದಾಂವನೂ ಇಂವನ, ಮಂದಿ ಮುಂದ ಎದ್ದು ಹೇಳಿದಾಂವನೂ ಇಂವನ. ಖರೇ, ಸ್ವಲ್ಪ ತಡಾ ಮಾಡಿದ. ಚಹಾ ಮಾಡ್ರೆವಾ."

ಕೂತೆ. ಚಹಾ ಬಂತು. ಆಯಿ ಮನಸ್ಸು ಮಾಡಿದ್ದರೆ 'ಬಹಳ ತಡಾ' ಎನ್ನಬಹುದಾಗಿತ್ತು.